ಹಳೇ ಕಾರಿನ ಕಚ್ಚಿಕೊಂಡ ಹಿಂಬಾಗಿಲು

ಹಳೇ ಕಾರು ಇಟ್ಟುಕೊಂಡವರಿಗೆ ಎಂಜಿನ್ ತೊಂದರೆ ಕೊಟ್ಟರೆ ಅಷ್ಟೇನೂ ಬೇಜಾರಾಗುವುದಿಲ್ಲ. ಕಾರ್ಬ್ಯುರೇಟರ್ ಬಿಚ್ಚಿಕೊಂಡು ಕೂತರೆ ನೋಡುವವರಿಗೂ ಸ್ವಲ್ಪ ಗೌರವ ಬರುತ್ತದೆ. ಆದರೆ ಹಿಂದಿನ ಬಾಗಿಲು ತೆಗೆಯೋಕೆ ಬರ್ತಿಲ್ಲ ಅಂತ ಹೇಳಿಕೊಳ್ಳುವುದು ಮುಜುಗರದ ಮಾತು. ಕಾರು ಓಡುತ್ತದೆ, ನಿಲ್ಲುತ್ತದೆ, ದೀಪ ಹತ್ತುತ್ತದೆ. ಒಂದು ಚಿಲಕ ಮಾತ್ರ ಬಿಡುವುದಿಲ್ಲ. ಸ್ಟೆಪ್ನಿ, ಜಾಕ್, ಸ್ಪ್ಯಾನರ್‌ಗಳ ಚೀಲ ಎಲ್ಲವೂ ಅದರ ಹಿಂದೆಯೇ.

ನನ್ನ ಮೂರು ಬಾಗಿಲಿನ ಹಳೇ ಹ್ಯಾಚ್‌ಬ್ಯಾಕ್ ಏಕಾಏಕಿ ಹಟ ಹಿಡಿಯಲಿಲ್ಲ. ಮೊದಮೊದಲು ಬಟನ್ ಜಾಸ್ತಿ ಒಳಗೆ ಒತ್ತಬೇಕಾಗುತ್ತಿತ್ತು. ಆಮೇಲೆ ಒಂದು ಕೈಯಲ್ಲಿ ಬಟನ್ ಒತ್ತಿಹಿಡಿದು, ಇನ್ನೊಂದು ಕೈಯಲ್ಲಿ ಬಾಗಿಲು ಅಲ್ಲಾಡಿಸಿದರೆ ಬಿಡುತ್ತಿತ್ತು. ಚಳಿಯ ಬೆಳಗ್ಗೆ ಬಿಗಿ, ಬಿಸಿಲೇರಿದ ಮೇಲೆ ಸಲೀಸು. ಕೊನೆಗೊಂದು ದಿನ ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಕೀ ಸರಾಗವಾಗಿ ತಿರುಗುತ್ತದೆ, ಬಟನ್ ಒಳಗೆ ಹೋಗುತ್ತದೆ, ಒಳಗೆಲ್ಲೋ ತಂತಿ ತಗಡಿಗೆ ಸವರಿದ ಹಾಗೆ ಸಣ್ಣ ಸದ್ದು. ಅಷ್ಟೇ.

ಇಂಥ ಹೊತ್ತಿನಲ್ಲಿ ಕೈ ಮೊದಲು ಹುಡುಕುವುದು ಸ್ಪ್ರೇ ಡಬ್ಬಿಯನ್ನು. ಎರಡನೆಯದಾಗಿ ದೊಡ್ಡ ಸ್ಕ್ರೂಡ್ರೈವರ್ ಅನ್ನು. ಎರಡೂ ಸ್ವಲ್ಪ ಹೊತ್ತು ಕಾಯಬಹುದು. ಮೊದಲು ಬಟನ್ ಒತ್ತಿ ಕಿವಿಗೊಡಿ. ಒತ್ತಿದ ಬಟನ್ ಯಾವ ತಡೆಯೂ ಇಲ್ಲದೆ ಹಗುರವಾಗಿ ಒಳಗೆ ಹೋದರೆ, ಬಟನ್‌ಗೂ ಲ್ಯಾಚ್‌ಗೂ, ಅಂದರೆ ಬಾಗಿಲನ್ನು ಹಿಡಿದುಕೊಳ್ಳುವ ಚಿಲಕಕ್ಕೂ, ನಡುವೆ ಏನೋ ಕಳಚಿದೆ. ಅರ್ಧಕ್ಕೇ ಗಟ್ಟಿಯಾಗಿ ನಿಂತರೆ ಲ್ಯಾಚ್ ಹಿಡಿದುಕೊಂಡಿದೆ. ಕೀಯೇ ತಿರುಗದಿದ್ದರೆ ಬ್ಯಾರಲ್, ಅಂದರೆ ಕೀ ತೂರಿಸುವ ಕೊಳವೆಯ, ಒಳಗಿನ ತೆಳು ಹಾಳೆಗಳು ಧೂಳಿಗೆ ಕಚ್ಚಿಕೊಂಡಿವೆ. ಎಲೆಕ್ಟ್ರಿಕ್ ಲ್ಯಾಚ್ ಇರುವ ಕಾರಾದರೆ ಸ್ವಿಚ್ ಒತ್ತಿದಾಗ ‘ಟಕ್’ ಎನ್ನುತ್ತದೋ ಇಲ್ಲವೋ ಕೇಳಬೇಕು. ಸದ್ದೇ ಬರದಿದ್ದರೆ ಫ್ಯೂಸ್ ನೋಡಿ, ಆಮೇಲೆ ಕೀಲಿನ ಹತ್ತಿರ ರಬ್ಬರ್ ತೋಳಿನೊಳಗೆ ಹಾದುಹೋಗುವ ವೈರುಗಳನ್ನು ನೋಡಿ. ಪ್ರತಿ ಸಲ ಬಾಗಿಲು ಎತ್ತಿ ಇಳಿಸಿದಾಗ ಅವು ಅದೇ ಜಾಗದಲ್ಲಿ ಮಡಚಿಕೊಳ್ಳುತ್ತವೆ. ಮೇಲಿನ ಪ್ಲಾಸ್ಟಿಕ್ ಚೆನ್ನಾಗಿರುತ್ತದೆ, ಒಳಗಿನ ತಾಮ್ರ ತುಂಡಾಗಿರುತ್ತದೆ.

ನನ್ನದರಲ್ಲಿ ಎರಡು ಸುಳಿವು ಒಟ್ಟಿಗೆ ಇದ್ದವು. ಚಳಿಗೆ ಬಿಗಿಯುವುದು ಗಟ್ಟಿಯಾದ ಗ್ರೀಸಿನ ಲಕ್ಷಣ. ಬಟನ್ ಹಗುರವಾಗಿದ್ದು ಬೇರೆಯದೇ ಕಥೆ.

ಈ ಚಿಲಕದ ಒಳಗೆ ಏನಿದೆ ಎಂದು ಒಮ್ಮೆ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಕಾರಿನ ಅಂಚಿನಲ್ಲಿ ಒಂದು ಗಟ್ಟಿ ಉಕ್ಕಿನ ಬಳೆ ಇರುತ್ತದೆ, ಅದು ಸ್ಟ್ರೈಕರ್. ಬಾಗಿಲಲ್ಲಿರುವ ಲ್ಯಾಚ್‌ನೊಳಗೆ ಏಡಿಯ ಕೊಂಡಿಯಂಥ ಒಂದು ಉಕ್ಕಿನ ತುಂಡು. ಬಾಗಿಲು ಹಾಕಿದಾಗ ಸ್ಟ್ರೈಕರ್ ಈ ಕೊಂಡಿಯ ಬಾಯಿಗೆ ಬಂದು ಅದನ್ನು ತಿರುಗಿಸುತ್ತದೆ. ತಿರುಗಿದ ಕೊಂಡಿ ವಾಪಸ್ ಬರದ ಹಾಗೆ ಪಕ್ಕದಲ್ಲಿ ಒಂದು ಚಿಕ್ಕ ಹಲ್ಲು ಬಂದು ಕೂರುತ್ತದೆ. ಬಟನ್ ಒತ್ತಿದಾಗ ನಾವು ಮಾಡುವ ಕೆಲಸ ಇಷ್ಟೇ, ಆ ಹಲ್ಲನ್ನು ಪಕ್ಕಕ್ಕೆ ಸರಿಸುವುದು. ಹಲ್ಲು ಸರಿದರೆ ಸ್ಪ್ರಿಂಗ್ ಕೊಂಡಿಯನ್ನು ತಿರುಗಿಸುತ್ತದೆ, ಸ್ಟ್ರೈಕರ್ ಹೊರಗೆ ಬರುತ್ತದೆ.

ಈಗ ಮುಖ್ಯ ಮಾತು. ಬಾಗಿಲನ್ನು ಮೇಲೆ ಎಳೆದಷ್ಟೂ ಸ್ಟ್ರೈಕರ್ ಕೊಂಡಿಯನ್ನು ಎಳೆಯುತ್ತದೆ, ಕೊಂಡಿ ಹಲ್ಲನ್ನು ಒತ್ತುತ್ತದೆ. ಗಾಡಿ ಗುಂಡಿಗೆ ಬಿದ್ದಾಗಲೂ ಬಾಗಿಲು ತಾನಾಗಿ ತೆರೆಯಬಾರದು ಅಂತಲೇ ಹಾಗೆ ಮಾಡಿದ್ದಾರೆ. ಎಳೆತ ಜಾಸ್ತಿಯಾದಷ್ಟೂ ಹಿಡಿತ ಜಾಸ್ತಿ. ಗ್ರೀಸ್ ಸರಿಯಿದ್ದಾಗ ಇದು ನಮಗೆ ಗೊತ್ತೇ ಆಗುವುದಿಲ್ಲ. ಗ್ರೀಸ್ ಒಣಗಿ, ಮೇಲೆ ಒಂದಿಷ್ಟು ತುಕ್ಕು ಕೂತ ಮೇಲೆ, ಆ ಹಲ್ಲು ಬಡಪೆಟ್ಟಿಗೆ ಬಗ್ಗುವುದಿಲ್ಲ. ನಾವೋ ಬಟನ್ ಒತ್ತುತ್ತಾ ಬಾಗಿಲನ್ನು ಮೇಲೆ ಜಗ್ಗುತ್ತಿರುತ್ತೇವೆ. ಅಂದರೆ ಬಿಡಿಸುವ ಕೈಯೊಂದು, ಬಿಗಿಸುವ ಕೈಯೊಂದು.

ಹಾಗಾಗಿ ಕಚ್ಚಿಕೊಂಡ ಹಿಂಬಾಗಿಲನ್ನು ತೆಗೆಯಬೇಕಾದರೆ ಮೊದಲು ಮುಚ್ಚುವ ಕಡೆಗೆ ಒತ್ತಬೇಕು. ತಮ್ಮನನ್ನು ಕರೆದು ಚಿಲಕದ ನೇರಕ್ಕೆ ಅಂಗೈ ಊರಿ ಒತ್ತು ಎಂದೆ.

“ಅಣ್ಣಾ, ತೆಗೀಬೇಕೋ ಮುಚ್ಚಬೇಕೋ?”

“ಸುಮ್ನೆ ಒತ್ತೋ ಮಾರಾಯ. ಗಾಜಿನ ಮೇಲೆ ಬೇಡ, ಕೆಳಗೆ ತಗಡಿನ ಮೇಲೆ.”

ಅವನು ಒತ್ತಿದ, ನಾನು ಬಟನ್ ಒತ್ತಿದೆ. ಬಹಳಷ್ಟು ಕಾರುಗಳಲ್ಲಿ ಇಷ್ಟಕ್ಕೇ ಬಾಗಿಲು ತೆರೆದುಕೊಳ್ಳುತ್ತದೆ. ಕೆಲವೊಮ್ಮೆ ಒತ್ತಿಹಿಡಿದು ಅಂಗೈಯಿಂದ ಒಂದೆರಡು ಏಟು ಕೊಡಬೇಕಾಗುತ್ತದೆ. ಇನ್ನು ಕೆಲವೊಮ್ಮೆ ಗಾಡಿಯನ್ನು ಸಮತಟ್ಟಾದ ಜಾಗಕ್ಕೆ ತಂದರೇ ಸಾಕು. ಹ್ಯಾಚ್‌ಬ್ಯಾಕ್‌ನ ಹಿಂಬದಿ ದೊಡ್ಡ ಬಾಯಿ. ಒಂದು ಚಕ್ರ ಎತ್ತರದಲ್ಲಿದ್ದರೆ ಆ ಬಾಯಿಯ ಚೌಕಟ್ಟೇ ಕೊಂಚ ತಿರುಚಿಕೊಂಡು ಸ್ಟ್ರೈಕರ್ ಒಂದು ಪಕ್ಕಕ್ಕೆ ಒತ್ತುತ್ತದೆ. ಹಳೇ ಕಾರಿನ ಬಾಡಿಯಲ್ಲಿ ಇದು ಜಾಸ್ತಿ.

ನನ್ನದು ಇದ್ಯಾವುದಕ್ಕೂ ಬಗ್ಗಲಿಲ್ಲ. ಬಟನ್ನಿನ ಒತ್ತು ಹಲ್ಲಿನವರೆಗೆ ತಲುಪುತ್ತಲೇ ಇರಲಿಲ್ಲ.

ಈ ಹಿಂಬಾಗಿಲಿಗೆ ದೊಡ್ಡ ವಂಶಾವಳಿಯೇ ಇದೆ. ಸಿಟ್ರೊಯೆನ್ 1938ರಲ್ಲೇ ಟ್ರಾಕ್ಷನ್ ಅವಾಂ ಕಾರಿನ ಒಂದು ಮಾದರಿಗೆ ಸಾಮಾನು ಸಾಗಿಸುವವರಿಗಾಗಿ ಎರಡು ತುಂಡಿನ ಹಿಂಬಾಗಿಲು ಇಟ್ಟಿತ್ತು. 1953ರ ಆಸ್ಟನ್ ಮಾರ್ಟಿನ್ ಡಿಬಿ2/4 ಅದನ್ನು ಸ್ಪೋರ್ಟ್ಸ್ ಕಾರಿಗೆ ತಂದಿತು. 1961ರಲ್ಲಿ ರೆನೋ 4 ಬಂತು. ಅದೇ ವರ್ಷದ ಜಾಗ್ವಾರ್ ಇ-ಟೈಪ್ ಕೂಪೆಯ ಹಿಂಬಾಗಿಲು ಮೇಲಕ್ಕಲ್ಲ, ಪಕ್ಕಕ್ಕೆ ತೆರೆಯುತ್ತಿತ್ತು. 1965ರಲ್ಲಿ ರೆನೋ 16 ಮತ್ತು ಎಂಜಿಬಿ ಜಿಟಿ, 1974ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್. ಅಲ್ಲಿಂದಾಚೆಗೆ ಹ್ಯಾಚ್‌ಬ್ಯಾಕ್ ಮಾಮೂಲಾಯಿತು. ಇದನ್ನೆಲ್ಲ ಹೇಳಲು ಕಾರಣವಿದೆ. ಸಾದಾ ಡಿಕ್ಕಿಯ ಮುಚ್ಚಳ ಚಿಕ್ಕದು, ಹಗುರ. ಹ್ಯಾಚ್ ಹಾಗಲ್ಲ. ಕೀಲು ಮೇಲೆ ಛಾವಣಿಯ ಅಂಚಿನಲ್ಲಿ, ಚಿಲಕ ಕೆಳಗೆ ಬಂಪರ್ ಹತ್ತಿರ, ನಡುವೆ ಭಾರದ ಗಾಜು. ಮೇಲಿನ ಕೀಲಿನಲ್ಲಿ ಆದ ಸಣ್ಣ ಸಡಿಲ ಕೆಳಗೆ ಬರುವ ಹೊತ್ತಿಗೆ ದೊಡ್ಡದಾಗಿರುತ್ತದೆ. ಸುತ್ತಲೂ ಉದ್ದನೆಯ ರಬ್ಬರ್ ಬೀಡಿಂಗ್ ಇದ್ದು, ಅದೂ ಬಾಗಿಲನ್ನು ಹೊರಕ್ಕೆ ನೂಕುತ್ತಿರುತ್ತದೆ. ಇಷ್ಟನ್ನೂ ಹಿಡಿದುಕೊಳ್ಳುವುದು ಆ ಒಂದು ಹಲ್ಲು.

ಸರಿ, ಹೊರಗಿನಿಂದ ಆಗದಿದ್ದರೆ ಒಳಗಿನಿಂದ ಹೋಗಬೇಕು. ಹಿಂದಿನ ಸೀಟು ಮಡಚಿ, ಪಾರ್ಸೆಲ್ ಶೆಲ್ಫ್ ತೆಗೆದು, ಕಾಲು ಮುಂದಿನ ಸೀಟುಗಳ ನಡುವೆ ಚಾಚಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಮಲಗಬೇಕು. ಬಾಗಿಲ ಒಳಮೈಗೆ ಒಂದು ರಟ್ಟಿನ ಪ್ಯಾನೆಲ್ ಇರುತ್ತದೆ. ಅದನ್ನು ಬಿಚ್ಚಿದರೆ ಲ್ಯಾಚ್ ಕಾಣುತ್ತದೆ. ಆದರೆ ಪ್ಯಾನೆಲ್‌ನ ಕೆಳಗಿನ ಸ್ಕ್ರೂಗಳು ಬಾಗಿಲ ಅಂಚಿನಲ್ಲಿವೆ, ಬಾಗಿಲು ಹಾಕಿದಾಗ ಅವು ಬೀಡಿಂಗ್‌ನ ಹಿಂದೆ ಅಡಗಿಕೊಳ್ಳುತ್ತವೆ. ಬಾಗಿಲು ತೆರೆಯದೆ ಪ್ಯಾನೆಲ್ ಬಿಚ್ಚಲಾಗದು, ಪ್ಯಾನೆಲ್ ಬಿಚ್ಚದೆ ಬಾಗಿಲು ತೆರೆಯಲಾಗದು. ಇದನ್ನು ಡಿಸೈನ್ ಮಾಡಿದವರ ಮೇಲೆ ನನಗೆ ಗೌರವ ಇದೆ, ಆದರೆ ಅವರ್ಯಾರೂ ಇಲ್ಲಿ ಹೀಗೆ ಮಲಗಿ ನೋಡಿರಲಿಕ್ಕಿಲ್ಲ.

ಇಲ್ಲಿ ಬಹಳ ಜನ ತಾಳ್ಮೆ ಕಳೆದುಕೊಂಡು ಡ್ರಿಲ್ ಹಿಡಿಯುತ್ತಾರೆ. ಹೊರಗಿನ ತಗಡಿಗೆ ತೂತು ಕೊರೆಯುವುದು ಅಂದರೆ ನನ್ನ ಮಟ್ಟಿಗೆ ಪಾಪದ ಕೆಲಸ. ಕೊರೆದ ಅಂಚಿನಲ್ಲಿ ಬಣ್ಣ ಹೋಗುತ್ತದೆ, ತುಕ್ಕು ಅಲ್ಲಿಂದಲೇ ಶುರು. ಒಳಗಿನ ರಟ್ಟನ್ನು ಬಗ್ಗಿಸುವುದು ಎಷ್ಟೋ ವಾಸಿ. ಮೇಲಿನ ಸ್ಕ್ರೂಗಳನ್ನು ಬಿಚ್ಚಿ, ಪಕ್ಕದ ಪ್ಲಾಸ್ಟಿಕ್ ಕ್ಲಿಪ್‌ಗಳನ್ನು ಅಗಲವಾದ ಪ್ಲಾಸ್ಟಿಕ್ ಪಟ್ಟಿಯಿಂದ ಮೀಟಿ ಎಬ್ಬಿಸಿದರೆ, ಪ್ಯಾನೆಲ್‌ನ ಮೇಲಿನ ಅಂಚು ಕೈ ತೂರುವಷ್ಟು ಈಚೆಗೆ ಬರುತ್ತದೆ. ಹಳೇ ಕ್ಲಿಪ್‌ಗಳು ಮುಟ್ಟಿದರೆ ಮುರಿಯುತ್ತವೆ. ಅವಕ್ಕೆ ಅಳಬೇಕಿಲ್ಲ, ಹೊಸವು ಸಿಗುತ್ತವೆ. ರಟ್ಟು ಮಾತ್ರ ನೀರು ಕುಡಿದು ಉಬ್ಬಿದ್ದರೆ ಹುಷಾರು, ಅದು ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ.

ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿದೆ. ಬಟನ್‌ನ ಹಿಂದೆ ಒಂದು ಸಣ್ಣ ಲಿವರ್, ಅದರ ತುದಿಯಿಂದ ಲ್ಯಾಚ್‌ಗೆ ಇಳಿಯುವ ಸಪೂರ ಕಂಬಿ. ಕಂಬಿಯ ತುದಿ ಲಂಬಕೋನದಲ್ಲಿ ಬಗ್ಗಿ ಲಿವರ್‌ನ ತೂತಿಗೆ ಹೋಗುತ್ತದೆ, ಅದು ಕಳಚದ ಹಾಗೆ ಹಿಡಿಯಲು ಉಗುರಿನಷ್ಟು ಗಾತ್ರದ ಪ್ಲಾಸ್ಟಿಕ್ ಕ್ಲಿಪ್. ಒಂದು ಕಾಲದಲ್ಲಿ ಬೆಳ್ಳಗಿದ್ದದ್ದು, ಈಗ ಹಳದಿ. ಮಧ್ಯೆ ಕೂದಲೆಳೆಯಷ್ಟು ಬಿರುಕು. ಬಟನ್ ಒತ್ತಿದಾಗೆಲ್ಲ ಆ ಬಿರುಕು ಬಾಯಿ ಬಿಡುತ್ತಿತ್ತು, ಕಂಬಿ ತೂತಿನಿಂದ ಅರ್ಧ ಹೊರಬಂದು ತಗಡಿಗೆ ಸವರಿ ಮತ್ತೆ ಒಳಗೆ ಹೋಗುತ್ತಿತ್ತು. ನಾನು ಹೊರಗಿನಿಂದ ಕೇಳುತ್ತಿದ್ದ ಸದ್ದು ಇದೇ. ಬೆರಳಿನ ಚಲನೆಯ ಬಹುಪಾಲು ಆ ಬಿರುಕಿನಲ್ಲೇ ಖರ್ಚಾಗಿ, ಲ್ಯಾಚ್‌ಗೆ ತಲುಪುತ್ತಿದ್ದದ್ದು ಪುಡಿಗಾಸು.

ಗ್ರೀಸ್ ಚೆನ್ನಾಗಿದ್ದ ಕಾಲದಲ್ಲಿ ಆ ಪುಡಿಗಾಸೂ ಸಾಕಾಗುತ್ತಿತ್ತು. ಗ್ರೀಸ್ ಒಣಗಿದ್ದರೂ ಕ್ಲಿಪ್ ಗಟ್ಟಿಯಾಗಿದ್ದರೆ ನಡೆಯುತ್ತಿತ್ತು. ಹಳೇ ಗಾಡಿಗಳಲ್ಲಿ ನಾನು ಮತ್ತೆ ಮತ್ತೆ ನೋಡುವುದು ಇದನ್ನೇ. ಒಂದು ದೊಡ್ಡ ಭಾಗ ಮುರಿದು ಕೆಲಸ ನಿಂತದ್ದು ಕಡಿಮೆ. ನಾಲ್ಕು ಸಣ್ಣ ಭಾಗಗಳು ತಲಾ ಒಂದಿಷ್ಟು ಸವೆದು, ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತಾ ವರ್ಷಗಟ್ಟಲೆ ಓಡಿಸುತ್ತವೆ. ಒಂದು ದಿನ ತುಂಬುವುದಕ್ಕೆ ಏನೂ ಉಳಿದಿರುವುದಿಲ್ಲ. ಆದ್ದರಿಂದ ಕ್ಲಿಪ್ ಒಂದನ್ನೇ ಬದಲಾಯಿಸಿ ಪ್ಯಾನೆಲ್ ಮುಚ್ಚಿದರೆ ಬಾಗಿಲು ತೆರೆಯುತ್ತದೆ ನಿಜ, ಆದರೆ ಆ ಹೊಸ ಕ್ಲಿಪ್‌ಗೆ ಆಯುಷ್ಯ ಇರುವುದಿಲ್ಲ.

ಉದ್ದನೆಯ ಸ್ಕ್ರೂಡ್ರೈವರ್ ತುದಿಯಿಂದ ಲ್ಯಾಚ್‌ನ ಲಿವರ್ ಅನ್ನು ನೇರವಾಗಿ ನೂಕಿದೆ. ಹೊರಗೆ ತಮ್ಮ ಬಾಗಿಲನ್ನು ಕೆಳಕ್ಕೆ ಒತ್ತಿಕೊಂಡೇ ಇದ್ದ. ಠಳ್ ಎಂದು ಬಿಟ್ಟಿತು. ಬಾಗಿಲು ಮೇಲೇಳಲಿಲ್ಲ, ಅದನ್ನು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್‌ಗಳು ಎಂದೋ ಸತ್ತಿದ್ದವು. ಅವುಗಳೊಳಗೆ ಭಾರಿ ಒತ್ತಡದಲ್ಲಿ ತುಂಬಿದ ನೈಟ್ರೋಜನ್ ಇರುತ್ತದೆ. ಸೀಲ್‌ಗಳು ಸವೆದಂತೆ ಅದು ನಿಧಾನವಾಗಿ ಸೋರುತ್ತದೆ. ಸತ್ತ ಸ್ಟ್ರಟ್ ನಂಬಿ ಬಾಗಿಲಡಿ ತಲೆ ಇಡಬಾರದು. ಗಟ್ಟಿ ಮರದ ತುಂಡೊಂದನ್ನು ಊರುಗೋಲು ಕೊಟ್ಟ ಮೇಲೇ ಮುಂದಿನ ಕೆಲಸ.

ಲ್ಯಾಚ್ ಬಿಚ್ಚುವ ಮೊದಲು ಬೋಲ್ಟ್‌ಗಳ ಸುತ್ತ ಮಾರ್ಕರ್‌ನಿಂದ ಗೆರೆ ಹಾಕಿಕೊಳ್ಳಿ. ಸ್ಟ್ರೈಕರ್‌ಗೂ ಅಷ್ಟೇ. ಅವು ಕೂತಿರುವ ತೂತುಗಳು ಉದ್ದುದ್ದ ಇರುತ್ತವೆ, ಒಮ್ಮೆ ಸಡಿಲಿಸಿದರೆ ಹಳೇ ಜಾಗದ ತಲೆಬುಡ ಗೊತ್ತಾಗುವುದಿಲ್ಲ.

ಕೈಗೆ ಬಂದ ಲ್ಯಾಚ್‌ನೊಳಗೆ ಗ್ರೀಸ್ ಎನ್ನುವುದೇನೂ ಉಳಿದಿರಲಿಲ್ಲ. ಕಂದು ಬಣ್ಣದ, ಮೇಣದಂಥ ಒಂದು ಪದಾರ್ಥ ಇತ್ತು. ಉಗುರಿನಿಂದ ಕೆರೆದರೆ ಸುರುಳಿಯಾಗಿ ಬಂತು. ಗ್ರೀಸ್ ಅಂದರೆ ಎಣ್ಣೆಯನ್ನು ಸೋಪಿನಂಥ ಪದಾರ್ಥದಲ್ಲಿ ಹಿಡಿದಿಟ್ಟಿರುವುದು. ವರ್ಷಗಳು ಕಳೆದಂತೆ ಎಣ್ಣೆ ಜಿನುಗಿ ಹೋಗುತ್ತದೆ, ಉಳಿದದ್ದು ಗಾಳಿ ತಾಗಿ ಅಂಟಾಗುತ್ತದೆ, ಸೋಪು ಧೂಳನ್ನು ಹಿಡಿದುಕೊಂಡು ಅಲ್ಲೇ ಕೂರುತ್ತದೆ. ಜಾರಲಿ ಎಂದು ಹಚ್ಚಿದ್ದೇ ಕೊನೆಗೆ ಜಾರದ ಹಾಗೆ ಮಾಡುತ್ತದೆ.

ಇದರ ಮೇಲೆ ಡಬ್ಲ್ಯೂಡಿ-40 ಸ್ಪ್ರೇ ಹೊಡೆದರೆ ಆಗಲ್ವಾ ಎಂದು ಎಲ್ಲರೂ ಕೇಳುತ್ತಾರೆ. ಅದನ್ನು 1953ರಲ್ಲಿ ತಯಾರಿಸಿದ್ದು ನೀರನ್ನು ದೂರ ಇಡಲು. ಅಮೆರಿಕದ ಅಟ್ಲಾಸ್ ಕ್ಷಿಪಣಿಯ ಹೊರಮೈ ತುಕ್ಕು ಹಿಡಿಯದಿರಲಿ ಎಂದು ಅದನ್ನು ಬಳಸಿದ್ದರು. ಆ ಕೆಲಸಕ್ಕೆ ಅದು ಬಲು ಚೆನ್ನ. ಕಚ್ಚಿದ್ದನ್ನು ತಾತ್ಕಾಲಿಕವಾಗಿ ಬಿಡಿಸಲೂ ಚೆನ್ನ. ಆದರೆ ಅದರಲ್ಲಿ ಬಹುಪಾಲು ಹಾರಿಹೋಗುವ ದ್ರಾವಕ. ಇರುವ ಚೂರುಪಾರು ಗ್ರೀಸನ್ನೂ ತೊಳೆದು, ತೆಳ್ಳನೆಯ ಎಣ್ಣೆಯ ಪೊರೆ ಬಿಟ್ಟು ಹೋಗುತ್ತದೆ. ಹಲ್ಲಿನ ಮೇಲೆ ಬೀಳುವ ಒತ್ತಡಕ್ಕೆ ಆ ಪೊರೆ ಏನೇನೂ ಸಾಲದು. ಸ್ವಲ್ಪ ದಿನ ಸಲೀಸಾಗಿದ್ದು ಮತ್ತೆ ಕಚ್ಚುತ್ತದೆ, ಈ ಸಲ ಮೊದಲಿಗಿಂತ ಬಿಗಿಯಾಗಿ.

ಸೀಮೆಎಣ್ಣೆಯಲ್ಲಿ ಲ್ಯಾಚ್ ನೆನೆಹಾಕಿ, ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ಮತ್ತೆ ನೆನೆಹಾಕಿ ಉಜ್ಜಿದೆ. ಈ ಕೆಲಸ ಕಾರಿನೊಳಗೆ ಬೇಡ, ಹೊರಗೆ ಗಾಳಿಯಲ್ಲಿ ಮಾಡಬೇಕು. ಬಣ್ಣ ಬಿಡುವುದು ನಿಂತ ಮೇಲೆ ಚೆನ್ನಾಗಿ ಒಣಗಿಸಿ ನೋಡಬೇಕಾದದ್ದು ಕೊಂಡಿ ಮತ್ತು ಹಲ್ಲು ಸೇರುವ ಅಂಚು. ಅದು ಚೂಪಾಗಿ ನೇರವಾಗಿದ್ದರೆ ಲ್ಯಾಚ್‌ಗೆ ಇನ್ನೂ ಜೀವ ಇದೆ. ಅಂಚು ದುಂಡಗಾಗಿದ್ದರೆ ಅರದಿಂದ ಉಜ್ಜಿ ಸರಿಮಾಡುವ ಆಸೆ ಬೇಡ. ಓಡುವಾಗ ತಾನಾಗಿ ತೆರೆದುಕೊಳ್ಳುವ ಬಾಗಿಲಿಗಿಂತ ತೆರೆಯದ ಬಾಗಿಲೇ ಮೇಲು, ಅಂಥ ಲ್ಯಾಚ್ ಬದಲಾಯಿಸಿಬಿಡಿ. ಆಮೇಲೆ ತಿರುಗಣೆಗಳಿಗೆ, ಹಲ್ಲಿನ ಅಂಚಿಗೆ ಬಿಳಿ ಲಿಥಿಯಂ ಗ್ರೀಸ್, ತೆಳುವಾಗಿ. ಜಾಸ್ತಿ ಹಚ್ಚಿದರೆ ಧೂಳಿಗೆ ಆಮಂತ್ರಣ ಕೊಟ್ಟಂತೆ. ಕೀ ಬ್ಯಾರಲ್‌ಗೆ ಮಾತ್ರ ಗ್ರೀಸ್ ಬೇಡ, ಎಣ್ಣೆಯೂ ಬೇಡ, ಒಣ ಗ್ರ್ಯಾಫೈಟ್ ಪುಡಿ ಸಾಕು.

ಕ್ಲಿಪ್ ಹೊಸದು ಹಾಕಿದೆ. ಎಡಗಡೆಗೆ ಬೇರೆ, ಬಲಗಡೆಗೆ ಬೇರೆ ಕ್ಲಿಪ್ ಇರುತ್ತದೆ, ಕಂಬಿಯ ದಪ್ಪಕ್ಕೂ ಹೊಂದಬೇಕು. ಹಳೆಯದನ್ನು ಎಸೆಯದೆ ಜೊತೆಗಿಟ್ಟುಕೊಂಡೇ ಹುಡುಕಬೇಕು. ಕಂಬಿಯನ್ನು ಬಗ್ಗಿಸಿ ಉದ್ದ ಸರಿಮಾಡಲು ಹೋಗಬೇಡಿ. ಬಟನ್ ಹಿಂದಿನ ಲಿವರ್ ಹಲವು ಹಳೇ ಕಾರುಗಳಲ್ಲಿ ಎರಕದ ಸತುವಿನದು, ಬಗ್ಗುವುದು ಅದಕ್ಕೆ ಗೊತ್ತಿಲ್ಲ. ಬಲ ಹಾಕಿದರೆ ನೇರ ತುಂಡಾಗುತ್ತದೆ.

ಲ್ಯಾಚ್ ವಾಪಸ್ ಕೂರಿಸಿದ ತಕ್ಷಣ ಬಾಗಿಲು ಹಾಕಿ ನೋಡುವ ಆಸೆ ಆಗುತ್ತದೆ. ಆದರೆ ಬಾಗಿಲು ತೆರೆದೇ ಇರುವಾಗ ಸ್ಕ್ರೂಡ್ರೈವರ್ ಅನ್ನು ಕೊಂಡಿಯ ಬಾಯಿಗೆ ಇಟ್ಟು, ಸ್ಟ್ರೈಕರ್ ಬಂದ ಹಾಗೆ ತಿರುಗಿಸಿ. ಟಕ್ ಎಂದು ಕೂರಬೇಕು. ಬಟನ್ ಒತ್ತಿ. ಅದು ಸ್ಕ್ರೂಡ್ರೈವರ್ ಅನ್ನು ಬಿಡಬೇಕು. ಕೀಯಿಂದಲೂ ನೋಡಿ. ಇದೆಲ್ಲ ಪದೇ ಪದೇ ಸರಿಬಂದ ಮೇಲೇ ಬಾಗಿಲು ಹಾಕಿ. ಇಲ್ಲದಿದ್ದರೆ ಮತ್ತೆ ಟಾರ್ಚ್ ಬಾಯಿಗೆ.

ಉಳಿದದ್ದು ಹೊಂದಾಣಿಕೆ. ಸ್ಟ್ರೈಕರ್‌ನ ಮೇಲೆ ಒಂದು ಪಕ್ಕ ಮಾತ್ರ ಕನ್ನಡಿಯಷ್ಟು ಹೊಳೆಯುತ್ತಿತ್ತು. ಬಾಗಿಲು ಪ್ರತಿ ಸಲವೂ ಅಲ್ಲಿಗೇ ಉಜ್ಜಿಕೊಂಡು ಇಳಿಯುತ್ತಿದೆ ಎಂದರ್ಥ. ಸ್ಟ್ರೈಕರ್ ಬೋಲ್ಟ್‌ಗಳನ್ನು ಕೈಬಲಕ್ಕೆ ಮಾತ್ರ ಬಿಗಿಮಾಡಿ, ಬಾಗಿಲನ್ನು ಮೆಲ್ಲಗೆ ಇಳಿಸಿದರೆ ಲ್ಯಾಚ್ ತಾನೇ ಅದನ್ನು ನಡುವಿಗೆ ತಂದುಕೊಳ್ಳುತ್ತದೆ. ತೆರೆದು, ಬೋಲ್ಟ್ ಪೂರ್ತಿ ಬಿಗಿಯಬೇಕು. ಎತ್ತರ ನೋಡಲು ಕಾಗದದ ಪಟ್ಟಿ ಸಾಕು. ಬೀಡಿಂಗ್ ಮತ್ತು ಬಾಗಿಲ ನಡುವೆ ಇಟ್ಟು ಬಾಗಿಲು ಹಾಕಿ, ಮೆಲ್ಲಗೆ ಎಳೆದು ನೋಡುವುದು. ಸುತ್ತಲೂ ಒಂದೇ ಬಿಗಿ ಇದ್ದರೆ ಒಳ್ಳೆಯದು. ನನ್ನ ಕಾರಿಗೆ ಹೊಸ ಬೀಡಿಂಗ್ ಹಾಕಿ ಬಹಳ ಕಾಲ ಆಗಿರಲಿಲ್ಲ, ಅದು ಹಳೆಯದಕ್ಕಿಂತ ದಪ್ಪ. ಕಾಗದ ಎಲ್ಲಾ ಕಡೆ ಹರಿಯುವಷ್ಟು ಬಿಗಿ. ಮುಚ್ಚಿದ ಬಾಗಿಲು ಬಂದು ಒರಗುವ ಮೂಲೆಗಳ ರಬ್ಬರ್ ಬಂಪ್ ಸ್ಟಾಪ್‌ಗಳನ್ನು ಒಳಕ್ಕೆ ತಿರುಗಿಸಿದೆ. ಸ್ಟ್ರೈಕರ್ ಅಡಿಗೆ ತೆಳು ವಾಷರ್ ಕೊಟ್ಟು ಒಂದು ಚೂರು ಎತ್ತರಿಸಿದೆ. ಬಟನ್ ಮೇಲೆ ಬೇಕಾಗುತ್ತಿದ್ದ ಬಲ ಅಲ್ಲಿಗೇ ಎದ್ದು ಕಾಣುವಷ್ಟು ಇಳಿಯಿತು. ಕಾಗದದ ಹಿಡಿತ ಪೂರ್ತಿ ಹೋಗುವಷ್ಟು ಸಡಿಲಿಸಬಾರದು ಅಷ್ಟೇ.

ಯಾಕೆಂದರೆ ಸರಿಯಾಗಿ ಕೂರದ ಹಿಂಬಾಗಿಲು ಬರೀ ಕಿರಿಕಿರಿಯಲ್ಲ. ಚಿಲಕ ಕೆಟ್ಟಿದೆ ಎಂದು ಹಗ್ಗ ಕಟ್ಟಿಕೊಂಡು, ಬಾಗಿಲು ಅರ್ಧ ಬಿಟ್ಟುಕೊಂಡು ಓಡಿಸುವವರನ್ನು ನೋಡಿದ್ದೇನೆ. ಓಡುವ ಕಾರಿನ ಹಿಂದೆ ಗಾಳಿಯ ಒತ್ತಡ ಕಡಿಮೆ ಇರುತ್ತದೆ. ಸೈಲೆನ್ಸರ್ ಹೊಗೆ ಅಲ್ಲೇ ಸುತ್ತಾಡಿ, ಸಂದಿ ಸಿಕ್ಕರೆ ಒಳಕ್ಕೆ ನುಗ್ಗುತ್ತದೆ. ಹೊಗೆಯ ವಿಷ ಇಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಹಳೇ ಎಂಜಿನ್‌ನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಜಾಸ್ತಿ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು ಬಂದಾಗ ಬಿಸಿಲಿಗೆ ಅಂದುಕೊಳ್ಳುತ್ತೇವೆ.

ಪ್ಯಾನೆಲ್ ಮುಚ್ಚುವ ಮೊದಲು ಲ್ಯಾಚ್‌ನ ಲಿವರ್‌ಗೆ ಸೈಕಲ್ ಬ್ರೇಕಿನ ಒಳತಂತಿಯೊಂದನ್ನು ಕಟ್ಟಿ, ಅದರ ತುದಿಯನ್ನು ಪ್ಯಾನೆಲ್‌ನ ಮೇಲಂಚಿನಿಂದ ಸೀಟಿನ ಕಡೆಗೆ ತಂದು ಒಂದು ಕುಣಿಕೆ ಮಾಡಿದೆ. ಸ್ವಲ್ಪ ಸಡಿಲ ಬಿಟ್ಟಿದ್ದೇನೆ, ತಾನಾಗಿ ಎಳೆಯದ ಹಾಗೆ. ಅಮೆರಿಕದಲ್ಲಿ 2001ರ ಸೆಪ್ಟೆಂಬರ್‌ನಿಂದ ಡಿಕ್ಕಿ ಇರುವ ಹೊಸ ಕಾರುಗಳಿಗೆ ಒಳಗಿನಿಂದ ಬಿಡಿಸುವ ಹಿಡಿ ಕಡ್ಡಾಯವಾಯಿತು. ಒಳಗೆ ಸಿಕ್ಕಿಹಾಕಿಕೊಂಡವರು ಹೊರಬರಲಿ ಅಂತ. ಹ್ಯಾಚ್‌ಬ್ಯಾಕ್‌ಗೆ ಆ ನಿಯಮ ಅನ್ವಯಿಸುವುದಿಲ್ಲ. ಸೀಟು ದಾಟಿ ಮುಂದೆ ಬರಬಹುದಲ್ಲ, ಅದು ಸರಿಯೇ. ನನಗೆ ಈ ತಂತಿ ಬೇಕಾಗಿರುವುದು ಹೊರಬರಲಿಕ್ಕಲ್ಲ, ಸ್ಪ್ಯಾನರ್ ಚೀಲಕ್ಕೆ ಕೈ ಹಾಕಲಿಕ್ಕೆ.

ಇನ್ನು ಸ್ಟ್ರಟ್‌ಗಳು ಬಾಕಿ ಇವೆ. ಹೊಸವು ಬಂದ ಮೇಲೆ ಕಾಗದದ ಪಟ್ಟಿ ಹಿಡಿದು ಮತ್ತೊಮ್ಮೆ ಸುತ್ತಬೇಕು. ಜೀವ ಇರುವ ಸ್ಟ್ರಟ್ ಮುಚ್ಚಿದ ಬಾಗಿಲ ಮೇಲೂ ಬಲ ಹಾಕುತ್ತಲೇ ಇರುತ್ತದೆ. ಕೆಲವು ಕಾರುಗಳಲ್ಲಿ ಅದು ಬಾಗಿಲನ್ನು ಕೆಳಕ್ಕೆ ಎಳೆದು ಹಿಡಿಯುತ್ತದೆ, ಕೆಲವುಗಳಲ್ಲಿ ಮೇಲಕ್ಕೆ ನೂಕುತ್ತದೆ. ನನ್ನದು ನೂಕುವ ಜಾತಿಯದಾದರೆ ಸ್ಟ್ರೈಕರ್ ಅಡಿಗೆ ಇನ್ನೊಂದು ತೆಳು ವಾಷರ್ ಬೇಕಾಗಬಹುದು.